ಅಂಗಾಲು ಉರಿಗೆ ಅರಿಶಿನದ ಮಾತ್ರೆ

ಅರಿಶಿನದ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಮುನಿಸೆಲ್ಲ ಅದರ ಸಾರವನ್ನು ಮಾತ್ರೆಯೊಳಗೆ ತುಂಬಿ, ‘ನರಗಳಿಗೆ ರಕ್ಷಾಕವಚ, ಅಡ್ಡಪರಿಣಾಮವಿಲ್ಲ’ ಎಂದು ಒಂದೇ ಉಸಿರಿನಲ್ಲಿ ಹೇಳುವವರ ಮೇಲೆ. ಹಾಳಾಗುತ್ತಿರುವ ನರವನ್ನು ತಡೆದು ನಿಲ್ಲಿಸುವಷ್ಟು ಕಸುವು ಇರುವ ವಸ್ತು ಮೈಯ ಬೇರೆ ಯಾವ ಅಂಗವನ್ನೂ ಮುಟ್ಟುವುದೇ ಇಲ್ಲವಂತೆ. ನಂಬುವುದು ಹೇಗೆ?

ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಹಳೆಯದು. ರಾತ್ರಿಯೆಲ್ಲ ಅಂಗಾಲು ಉರಿ, ಹಗಲು ಜೋಮು. ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೂ ಕಾಲಿಗೆ ತಿಳಿಯುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಯಾವುದೋ ವಿಡಿಯೊ ನೋಡಿ ಒಂದು ಡಬ್ಬಿ ಮಾತ್ರೆ ತರಿಸಿಕೊಂಡಿದ್ದಾರೆ. ‘ಇಲಿಗಳ ಮೇಲೆ ಪ್ರಯೋಗ ಮಾಡಿ ನೋಡಿದ್ದಾರಂತೆ ಕಣೋ’ ಎಂದರು.

ಮಾಡಿರುವುದು ನಿಜ. ಸ್ಟ್ರೆಪ್ಟೊಜೋಟೋಸಿನ್ ಎಂಬ ರಾಸಾಯನಿಕವನ್ನು ಚುಚ್ಚಿದರೆ ಇಲಿಯ ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳು ಸಾಯುತ್ತವೆ, ಸಕ್ಕರೆ ಏರುತ್ತದೆ, ನರ ಕೆಡುತ್ತದೆ. ಆಮೇಲೆ ಅರಿಶಿನದ ಮುಖ್ಯ ಸಾರವಾದ ಕರ್ಕ್ಯುಮಿನ್ ಕೊಟ್ಟು, ಬಿಸಿ ತಾಗಿದಾಗ ಇಲಿ ಎಷ್ಟು ಬೇಗ ಕಾಲು ಎಳೆದುಕೊಳ್ಳುತ್ತದೆ ಎಂದು ಅಳೆಯುತ್ತಾರೆ. ಫಲ ಕಂಡ ಪ್ರಯೋಗಗಳೂ ಇವೆ. ಆದರೆ ಪ್ರಮಾಣ ನೋಡಿ. ಇಲಿಗೆ ಕಿಲೋ ತೂಕಕ್ಕೆ 200 ಮಿಲಿಗ್ರಾಂ ಕೊಟ್ಟರು ಎಂದುಕೊಳ್ಳೋಣ. ಮನುಷ್ಯನ ಲೆಕ್ಕಕ್ಕೆ ತರಲು ಅದನ್ನು ಸುಮಾರು ಆರರಿಂದ ಭಾಗಿಸುವುದು ರೂಢಿ. 60 ಕಿಲೋ ತೂಗುವ ದೊಡ್ಡಪ್ಪನಿಗೆ ದಿನಕ್ಕೆ ಹತ್ತಿರ ಹತ್ತಿರ ಎರಡು ಗ್ರಾಂ ಕರ್ಕ್ಯುಮಿನ್ ಬೇಕು. ಅರಿಶಿನದ ಪುಡಿಯಲ್ಲಿ ಅದು ಇರುವುದು ನೂರಕ್ಕೆ ಮೂರರಷ್ಟು. ಅಂದರೆ ದಿನವೂ 60 ಗ್ರಾಂಗಿಂತ ಹೆಚ್ಚು ಅರಿಶಿನ! ಸಾರಿಗೆ ಹಾಕುವ ಚಿಟಿಕೆಯನ್ನು ತೋರಿಸಿ ‘ನಮ್ಮ ಪೂರ್ವಿಕರಿಗೆ ಎಲ್ಲ ಗೊತ್ತಿತ್ತು’ ಎನ್ನುವವರು ಈ ಲೆಕ್ಕವನ್ನೊಮ್ಮೆ ಮಾಡಬೇಕು.

ಅಷ್ಟು ನುಂಗಿದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಇದನ್ನು ಚೆನ್ನಾಗಿ ತೋರಿಸಿಕೊಟ್ಟವರು ನಮ್ಮ ಬೆಂಗಳೂರಿನವರೇ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆರೋಗ್ಯವಂತರಿಗೆ ಎರಡು ಗ್ರಾಂ ಕರ್ಕ್ಯುಮಿನ್ ನುಂಗಿಸಿ ನೋಡಿದಾಗ ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೆನ್ನುವಷ್ಟು. ಜೊತೆಗೆ ಕಾಳುಮೆಣಸಿನ ಸಾರವಾದ ಪೈಪರಿನ್ ಅನ್ನು ಬರೀ 20 ಮಿಲಿಗ್ರಾಂ ಸೇರಿಸಿದಾಗ ಹೀರಿಕೆ 2000 ಪ್ರತಿಶತ ಏರಿತು. ಇಂದು ಅನೇಕ ಅರಿಶಿನ ಮಾತ್ರೆಗಳಲ್ಲಿ ಪೈಪರಿನ್ ಕೂತಿರುವುದು ಇದೇ ಕಾರಣಕ್ಕೆ. ದೊಡ್ಡಪ್ಪನ ಡಬ್ಬಿಯಲ್ಲೂ ಇದೆ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ.

ಪೈಪರಿನ್ ಕೆಲಸ ಮಾಡುವುದು ಹೇಗೆ? ಕರುಳು ಮತ್ತು ಯಕೃತ್ತು ಹೊರಗಿನ ವಸ್ತುಗಳನ್ನು ಸಾಗಹಾಕಲು ಬಳಸುವ ಕಿಣ್ವಗಳ ಕೈಕಟ್ಟಿ. ಕಟ್ಟಿದ ಕೈ ಕರ್ಕ್ಯುಮಿನ್‌ಗೆ ಮಾತ್ರವಲ್ಲ, ನೀವು ನುಂಗುವ ಬೇರೆ ಮಾತ್ರೆಗಳಿಗೂ ಕಟ್ಟಿದಂತೆಯೇ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಪ್ರಮಾಣ ರಕ್ತದಲ್ಲಿ ಹೀಗೆ ಏರಬಲ್ಲದು. ಯಕೃತ್ತಿನ ಕಥೆ ಇನ್ನೊಂದು. 2019ರಲ್ಲಿ ಇಟಲಿಯಲ್ಲಿ ಅರಿಶಿನದ ಮಾತ್ರೆ ತೆಗೆದುಕೊಂಡವರಲ್ಲಿ ಯಕೃತ್ತಿನ ಉರಿಯೂತದ ಪ್ರಕರಣಗಳು ಸಾಲುಸಾಲಾಗಿ ವರದಿಯಾದವು. ಉರಿಯೂತ ತಗ್ಗಿಸಲೆಂದು ನುಂಗಿದ್ದು!

ಗಿಡದ ಸಾರ ನರದ ನೋವಿಗೆ ಕೆಲಸಕ್ಕೇ ಬಾರದು ಎಂದು ನಾನು ಹೇಳುತ್ತಿಲ್ಲ. ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೈಸಿನ್ ಇದೆಯಲ್ಲ (ಬ್ಯಾಡಗಿಯ ಖಾರ ಸಾಲದು, ಅದಕ್ಕೆ ಬಣ್ಣವೇ ಹೆಚ್ಚು), ಅದರ ಶೇಕಡ 8ರ, ಚರ್ಮಕ್ಕೆ ಅಂಟಿಸುವ ಪಟ್ಟಿಗೆ ಮಧುಮೇಹಿಗಳ ಪಾದದ ನರನೋವಿಗೆಂದು 2020ರಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು. ಆದರೆ ಅದನ್ನು ಹಚ್ಚುವ ಶಿಸ್ತು ನೋಡಿ: ಆರೋಗ್ಯ ಸಿಬ್ಬಂದಿಯೇ ಕೈಗವಸು ತೊಟ್ಟು ಹಚ್ಚಬೇಕು, ಅರ್ಧ ಗಂಟೆ ಬಿಟ್ಟು ತೆಗೆಯಬೇಕು. ಮೊದಲು ಚುರುಗುಟ್ಟುತ್ತದೆ, ಆಮೇಲೆ ಕೆಲವರಿಗೆ ತಿಂಗಳುಗಟ್ಟಲೆ ಆರಾಮ. ಅದು ನರವನ್ನು ಕಾಪಾಡುವುದೂ ಇಲ್ಲ. ನೋವು ಸಾಗಿಸುವ ನರತುದಿಗಳನ್ನು ಕೆಲಕಾಲ ಮಂಕಾಗಿಸುತ್ತದೆ, ಅಷ್ಟೇ. ಏನು ಮಾಡುತ್ತದೆ, ಎಷ್ಟು ಹೊತ್ತು, ಯಾರಿಗೆ ಎಂದು ಬರೆದಿಟ್ಟಿದ್ದಾರೆ. ಔಷಧವೆಂದರೆ ನನಗೆ ಅದು.

ದೊಡ್ಡಪ್ಪ ಬೆಳಿಗ್ಗೆ ಸಂಜೆ ಗೊಣಗುತ್ತಾ ನುಂಗುವ ‘ಇಂಗ್ಲಿಷ್ ಮಾತ್ರೆ’ ಮೆಟ್‌ಫಾರ್ಮಿನ್. ಅದರ ಮೂಲವೂ ಗಲೇಗಾ ಎಂಬ ಯುರೋಪಿನ ಗಿಡವೇ. ಗಿಡದಲ್ಲಿದ್ದ ವಸ್ತು ಸಕ್ಕರೆ ಇಳಿಸುತ್ತಿತ್ತು, ಜೊತೆಗೆ ವಿಷವೂ ಆಗಿತ್ತು. ಅದೇ ಜಾತಿಯ ವಸ್ತುಗಳನ್ನು ರಸಾಯನಶಾಲೆಯಲ್ಲಿ ತಯಾರಿಸುತ್ತಾ ಹೋಗಿ, 1957ರ ಹೊತ್ತಿಗೆ ಫ್ರಾನ್ಸ್‌ನ ವೈದ್ಯ ಜಾನ್ ಸ್ಟರ್ನ್ ಮೆಟ್‌ಫಾರ್ಮಿನ್ ಅನ್ನು ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ಇದಕ್ಕೂ ಅಡ್ಡಪರಿಣಾಮವಿದೆ, ಅದನ್ನು ಯಾರೂ ಮುಚ್ಚಿಟ್ಟಿಲ್ಲ. ವರ್ಷಗಟ್ಟಲೆ ನುಂಗಿದರೆ ಬಿ12 ಜೀವಸತ್ವ ಕಡಿಮೆಯಾಗಬಹುದು. ಬಿ12 ಕಡಿಮೆಯಾದರೆ? ಜೋಮು, ಅಂಗಾಲು ಉರಿ. ಸಕ್ಕರೆಯಿಂದ ಬಂದದ್ದೋ ಕೊರತೆಯಿಂದ ಬಂದದ್ದೋ ಎಂದು ಕಾಲು ನೋಡಿ ಹೇಳಲಾಗದು, ರಕ್ತ ಪರೀಕ್ಷೆ ಮಾಡಿಸಬೇಕು. ಕೊರತೆಯಿಂದಾದರೆ ಅದನ್ನು ತುಂಬಿಕೊಡಬಹುದು, ತಡ ಮಾಡಿದರೆ ನರ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ.

ದೊಡ್ಡಪ್ಪ ಈ ಪರೀಕ್ಷೆಯನ್ನು ಒಮ್ಮೆಯೂ ಮಾಡಿಸಿಲ್ಲ. ಈ ವಾರ ಕರೆದುಕೊಂಡು ಹೋಗುತ್ತಿದ್ದೇನೆ. ಆ ಡಬ್ಬಿಯನ್ನೂ ಚೀಲದಲ್ಲಿ ಇಟ್ಟುಕೊಳ್ಳಿ ಎಂದಿದ್ದೇನೆ. ‘ಡಾಕ್ಟರು ಬೈಯುತ್ತಾರೆ’ ಎಂದು ಒಲ್ಲೆ ಎನ್ನುತ್ತಿದ್ದಾರೆ.