ಆ ಕಾರ್ಬನ್ ಬಿಟ್ಟು ಎಣಿಸಬೇಡಿ

ಕಾರ್ಬಾಕ್ಸಿಲಿಕ್ ಆಮ್ಲಗಳಿಗೆ, ಅಂದರೆ ಸಿಒಒಎಚ್ (ಒಂದು ಕಾರ್ಬನ್, ಎರಡು ಆಕ್ಸಿಜನ್, ಒಂದು ಹೈಡ್ರೋಜನ್) ಗುಂಪಿರುವ ಆಮ್ಲಗಳಿಗೆ, ಹೆಸರಿಡುವ ಬಗೆ ಹೇಳುತ್ತಾ ನೀವು "ಸಿಒಒಎಚ್ ಗುಂಪನ್ನು ಪಕ್ಕಕ್ಕಿಟ್ಟು ಉಳಿದ ಕಾರ್ಬನ್ ಎಣಿಸಿ ಹೆಸರಿಡಿ" ಅಂತ ಬರೆದಿದ್ದೀರಲ್ಲ, ಆ ಸಾಲನ್ನು ದಯವಿಟ್ಟು ತಿದ್ದಿ. ಆ ಗುಂಪಿನ ಕಾರ್ಬನ್ ಕೂಡ ಲೆಕ್ಕಕ್ಕೆ ಬರುತ್ತದೆ. ಬರೋದಷ್ಟೇ ಅಲ್ಲ, 1ನೇ ನಂಬರ್ ಅದಕ್ಕೇ. ಸಿಎಚ್3ಸಿಒಒಎಚ್ ತಗೊಳ್ಳಿ. ನಿಮ್ಮ ಲೆಕ್ಕದಲ್ಲಿ ಒಂದೇ ಕಾರ್ಬನ್ ಉಳಿದು ಅದು ಮೆಥನೋಯಿಕ್ ಆಮ್ಲ ಆಗಿಬಿಡುತ್ತದೆ. ನಿಜವಾಗಿ ಅದು ಎರಡು ಕಾರ್ಬನ್‌ನ ಎಥನೋಯಿಕ್, ಅಂದರೆ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ. ಇನ್ನು ಎಚ್‌ಸಿಒಒಎಚ್‌ನಲ್ಲಿ ಎಣಿಸೋಕೆ ಕಾರ್ಬನ್ನೇ ಉಳಿಯಲ್ಲ, ಅಲ್ವಾ?

ನಾನು ಪಾಠ ಹೇಳುವಾಗ ಮಕ್ಕಳು ಜಾಸ್ತಿ ಎಡವೋದು ಕವಲಿರುವ ಕಾರ್ಬನ್ ಸರಪಳಿಯಲ್ಲಿ. ಸಿಒಒಎಚ್ ಬಲತುದಿಯಲ್ಲಿದ್ದರೂ ಸುಮ್ನೆ ಎಡಗಡೆಯಿಂದ ಎಣಿಸಿ, ಮೀಥೈಲ್ ಕವಲು 3ನೇ ಕಾರ್ಬನ್ ಮೇಲಿರುವ 3-ಮೀಥೈಲ್‌ಬ್ಯುಟನೋಯಿಕ್ ಆಮ್ಲವನ್ನು 2-ಮೀಥೈಲ್ ಅಂತ ಬರೆದುಬಿಡುತ್ತಾರೆ. ಅದಕ್ಕೇ ಮೊದಲು ಸಿಒಒಎಚ್‌ನ ಕಾರ್ಬನ್‌ಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿಸಿ, ಮೇಲೆ 1 ಅಂತ ಬರೆಸುತ್ತೇನೆ. ಆಮೇಲೆ ಅಲ್ಲಿಂದಲೇ ಎಣಿಕೆ. ಆ ಸುತ್ತು ಹಾಕುವಾಗಲೇ ಇನ್ನೊಂದು ವಿಷಯವೂ ಕಣ್ಣಿಗೆ ಬೀಳುತ್ತದೆ: ಅದೇ ಕಾರ್ಬನ್‌ಗೆ ಓಎಚ್ ಜೊತೆಗೆ ಜೋಡಿ ಬಂಧದ ಆಕ್ಸಿಜನ್ ಇದೆಯಾ? ಇದ್ದರೆ ಆಮ್ಲ. ಓಎಚ್ ಕಂಡ ಕೂಡಲೇ ಆಲ್ಕೋಹಾಲ್ ಅನ್ನೋ ತಪ್ಪು ಅಲ್ಲೇ ನಿಲ್ಲುತ್ತದೆ.

ಆಮ್ಲವೋ ಆಲ್ಕೋಹಾಲೋ ಅಂತ ತಿಳಿಯಲು ಸೋಡಿಯಂ ಬೈಕಾರ್ಬನೇಟ್ ಹಾಕಿ ಗುಳ್ಳೆ ನೋಡುವ ಪರೀಕ್ಷೆ ಬಗ್ಗೆ ನೀವು ಬರೆದಿದ್ದು ಮಾತ್ರ ಪೂರ್ತಿ ಸರಿ. ಆಲ್ಕೋಹಾಲ್ ಆದ ಎಥನಾಲ್‌ಗೆ ಹಾಕಿದರೆ ಆ ಗುಳ್ಳೆ ಬರಲ್ಲ.