ನಡೆದು ಬಂದವರು ವಾಪಸ್ ಹೋಗಿ

ಕೋವಿಡ್ ಕಾಲದ ಡ್ರೈವ್ ಥ್ರೂ ಲಸಿಕಾ ಕೇಂದ್ರದ, ಅಂದರೆ ಕಾರಿನಲ್ಲಿ ಕೂತೇ ಸೂಜಿ ಹಾಕಿಸಿಕೊಳ್ಳುವ ಜಾಗದ, ಫೋಟೊ ನೀವೂ ನೋಡಿರುತ್ತೀರಿ. ಉದ್ದಕ್ಕೆ ಕಾರುಗಳ ಸಾಲು, ಇಳಿಸಿದ ಗಾಜು, ಹೊರಗೆ ಚಾಚಿದ ಒಂದು ದುಂಡು ತೋಳು. ಹಿಂದೆ ‘ಅಗತ್ಯ ಸೇವೆ ನೌಕರರಿಗೆ ಮಾತ್ರ’ ಎಂಬ ಬ್ಯಾನರ್. ಫೋಟೊದಲ್ಲಿ ಎಲ್ಲವೂ ಇತ್ತು. ಅಗತ್ಯ ಸೇವೆ ನೌಕರ ಮಾತ್ರ ಕಾಣಲಿಲ್ಲ.

ಅವನು ಗೇಟಿನ ಹತ್ತಿರ ಇದ್ದ. ನಡೆದು ಬಂದಿದ್ದ. ವಾಹನ ಇಲ್ಲದವರನ್ನು ಒಳಗೆ ಬಿಡುವುದಿಲ್ಲ ಅಂದರು. ಸೈಕಲ್ ತಂದವನಿಗೆ ಸ್ವಲ್ಪ ಆಸೆ ಇತ್ತು, ಸೈಕಲ್ಲೂ ವಾಹನವೇ ಅಲ್ವಾ? ಗಾಜೇ ಇಲ್ಲವಲ್ಲ, ಏನನ್ನ ಇಳಿಸ್ತೀಯ ಅಂತ ಕೇಳಿದರಂತೆ.

ಯೋಜನೆ ಹಾಕಿದವರ ತಲೆಯನ್ನು ಮೆಚ್ಚಲೇಬೇಕು. ಲಾಕ್‌ಡೌನ್ ಪೂರ್ತಿ ಕಸ ಎತ್ತಿದವರು, ವಾರ್ಡು ಒರೆಸಿದವರು, ಹೆಣ ಹೊತ್ತವರು, ಅಂಗಡಿ ಗಲ್ಲಾದಲ್ಲಿ ಕೂತವರು, ಇವರಿಗೆಲ್ಲ ಮೊದಲು ಲಸಿಕೆ ಸಿಗಬೇಕು. ಇವರೆಲ್ಲ ಎಲ್ಲಿ ಸಿಗುತ್ತಾರೆ? ಇನ್ನೆಲ್ಲಿ, ಅವರವರ ಕಾರಿನಲ್ಲಿ! ಸಮಯ ಬೆಳಿಗ್ಗೆ 10ರಿಂದ ಸಂಜೆ 4. ಅಂದರೆ, ಅವರು ಬೇರೆ ಕಡೆ ಅಗತ್ಯವಾಗಿರುವ ಹೊತ್ತಿಗೆ ಸರಿಯಾಗಿ.

ಕಾರಿನ ಸಾಲನ್ನೇ ನಾನು ಬೈಯುತ್ತಿಲ್ಲ. 2021ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂನ ಪಾರ್ಕಿಂಗ್ ಜಾಗವೇ ಲಸಿಕಾ ಕೇಂದ್ರ ಆಯಿತು. ಕಾರಿನೊಳಗಿದ್ದರೆ ಒಬ್ಬರ ಉಸಿರು ಇನ್ನೊಬ್ಬರಿಗೆ ತಾಕುವುದಿಲ್ಲ. ಮಂಡಿ ನೋವಿನ ಅಜ್ಜಿ ಇಳಿದು ಹತ್ತಬೇಕಾಗಿಲ್ಲ. ಎಲ್ಲರ ಮನೆ ಮುಂದೂ ಕಾರಿರುವ ಕಡೆ ಜಾಣತನದ ಕೆಲಸವೇ. ಆದರೆ ಗಾಜಿನ ಪಕ್ಕದಲ್ಲಿ ನಿಲ್ಲುವ ಸಿಸ್ಟರ್‌ನ ಒಮ್ಮೆ ಕೇಳಿ ನೋಡಿ. ದಿನವಿಡೀ ಸೊಂಟ ಬಗ್ಗಿಸಿ, ಹೊಗೆ ಕುಡಿದು ನಿಂತಿರುತ್ತಾರೆ. ಇಂಜಿನ್ ಆಫ್ ಮಾಡಿ ಅಂದರೆ ‘ಎಸಿ ಹೋಗುತ್ತೆ’ ಅನ್ನುವವರೇ ಜಾಸ್ತಿ. ಬಿಗಿ ತೋಳಿನ ಅಂಗಿ ಹಾಕಿ, ಬೆಲ್ಟ್ ಕಟ್ಟಿಕೊಂಡು ಕೂತವರ ಭುಜ ಹೊರಗೆ ತೆಗೆಯುವುದು ಒಂದು ಹೆರಿಗೆ. ಸ್ಟೇರಿಂಗ್ ಬಲಗಡೆ ಇದ್ದರೆ ಕಿಟಕಿಗೆ ಸಿಗುವುದು ಬಲಗೈ. ಸಾಹೇಬರಿಗೋ ಸೂಜಿ ಎಡಗೈಗೇ ಬೇಕು.

ಸೂಜಿ ಆದ ಮೇಲೆ 15 ನಿಮಿಷ ಕಾಯಬೇಕಿತ್ತು. ಹಿಂದೆ ಅಲರ್ಜಿ ಜೋರಾಗಿ ಆಗಿದ್ದವರು 30 ನಿಮಿಷ. ಒಳ್ಳೆಯ ನಿಯಮ. ತಲೆ ಸುತ್ತಿದರೆ ಹಾರ್ನ್ ಹೊಡೆಯಿರಿ ಅನ್ನುತ್ತಿದ್ದರು. ಹಾರ್ನ್ ಹೊಡೆಯದೆ ಒಂದು ನಿಮಿಷ ಕಾಯಲಾರದ ಜನರಿಗೆ ಕೊಟ್ಟ ಸೂಚನೆ ಇದು. ಯಾವುದು ಮೂರ್ಛೆ, ಯಾವುದು ಮುಂಗೋಪ ಅಂತ ಗೊತ್ತಾಗೋದು ಹೇಗೆ?

ಲೆಕ್ಕದ ವಿಷಯವೂ ಮಜವಾಗಿದೆ. ಫೈಜರ್ ಲಸಿಕೆಯ ಶೀಶೆಯಲ್ಲಿ 5 ಡೋಸ್ ಅಂತ ಶುರು ಮಾಡಿದ್ದರು. ಸರಿಯಾದ ಸಿರಿಂಜ್ ಇದ್ದರೆ 6 ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ಹಾಗೆಯೇ ಅಗತ್ಯ ಸೇವೆಯ ಪಟ್ಟಿ. ಹಿಂಡಿದಷ್ಟೂ ಬರುತ್ತದೆ. ಮನೆಯಿಂದಲೇ ಕೆಲಸ ಮಾಡುವ ಸಲಹೆಗಾರರು ಬಂದರು, ಅವರ ಭಾವಮೈದ ಬಂದ. ಸಲೈನ್ ಬೆರೆಸಿದ ಶೀಶೆ 6 ಗಂಟೆಯಲ್ಲಿ ಮುಗಿಯಬೇಕು, ದಂಡ ಆಗಬಾರದು ಅಂತ ಸಮಜಾಯಿಷಿ. ಗೇಟಿನಲ್ಲಿ ನಿಂತವನ ತೋಳಿಗೆ ಹೋದರೆ ದಂಡವೇ?

ಇಲ್ಲಿಗೆ ತಮಾಷೆ ಸಾಕು. ನನಗೂ ಬೇಜಾರಾಗಿದೆ. ಬಾಲ್ಕನಿಯಲ್ಲಿ ನಿಂತು ಚಪ್ಪಾಳೆ ತಟ್ಟಿದ್ದು ಇವರಿಗೇ ತಾನೆ? ಈಗ ಅವರನ್ನೇ ಕೆಲಸದ ಪತ್ರ ತಾ ಅನ್ನುತ್ತೀರಿ. ವರ್ಷಗಟ್ಟಲೆ ದುಡಿದರೂ ಗುತ್ತಿಗೆದಾರ ಒಂದು ಗುರುತಿನ ಚೀಟಿ ಕೊಟ್ಟಿಲ್ಲ, ಪತ್ರ ಕೊಡುತ್ತಾನಾ? ಸಾಲಿನಲ್ಲಿ ನಿಂತರೆ ಅರ್ಧ ದಿನದ ಕೂಲಿ ಹೋಗುತ್ತದೆ, ಮಾರನೇ ದಿನ ಜ್ವರ ಬಂದರೆ ಇನ್ನೊಂದು ದಿನದ್ದು. ಕೂಲಿ ಸಮೇತ ರಜೆ ಕೊಡಿ. ಇಲ್ಲವೇ ಅವರಿರುವ ಜಾಗಕ್ಕೇ ಹೋಗಿ. ಚಕ್ರ ಬೇಕಾಗಿರುವುದು ಲಸಿಕೆ ಡಬ್ಬಿಗೆ, ಜನರಿಗಲ್ಲ. ಇದನ್ನು ಹೇಳೋಕೆ ತಜ್ಞರ ಸಮಿತಿ ಬೇಕಾ?

ಕೊನೆಗೆ ಆಸ್ಪತ್ರೆ ಗುಡಿಸುವ ನಾಲ್ವರು ಹೆಂಗಸರು ದುಡ್ಡು ಸೇರಿಸಿ ಬಾಡಿಗೆ ಕಾರು ಮಾಡಿಕೊಂಡು ಬಂದರಂತೆ. ಕಾರು ಕಂಡ ಕೂಡಲೇ ಗೇಟು ತೆರೆಯಿತು, ಸಲಾಮೂ ಸಿಕ್ಕಿತು. ನಾಲ್ವರಿಗೂ ಸೂಜಿ ಆಯಿತು. ಡ್ರೈವರ್ ತಾನೂ ಅಂಗಿ ತೋಳು ಮಡಚಿದ.

‘ನೀನು ಪಟ್ಟಿಯಲ್ಲಿ ಇಲ್ಲಪ್ಪ.’

‘ಬಸ್ಸು ನಿಂತಾಗ ಪೇಷೆಂಟುಗಳನ್ನ ಆಸ್ಪತ್ರೆಗೆ ತಂದು ಬಿಟ್ಟೋನು ನಾನೇ ಸಾರ್.’

‘ಇರಬಹುದು. ಮುಂದೆ ತಗೊಂಡು ಹೋಗಿ 15 ನಿಮಿಷ ನಿಲ್ಲಿಸು. ಹಿಂದೆ ಯಾರಿಗಾದರೂ ತಲೆ ಸುತ್ತಿದರೆ ಹಾರ್ನ್ ಹೊಡಿ.’