ಮಂಚದ ಎದುರಿನ ಕನ್ನಡಿ

ಒಂದು ರಾತ್ರಿ ನೀರು ಕುಡಿಯೋಣ ಅಂತ ಎದ್ದು ಕೂತೆ. ಎದುರಿಗೆ ಕತ್ತಲಲ್ಲಿ ಇನ್ಯಾರೋ ಎದ್ದು ಕೂತರು. ಎದೆ ಧಸಕ್ಕೆಂದಿತು. ಬೀರುವಿನ ಕನ್ನಡಿಯಲ್ಲಿ ಕಂಡದ್ದು ನನ್ನದೇ ಕೆದರಿದ ತಲೆ ಅಂತ ಗೊತ್ತಾಗುವಷ್ಟರಲ್ಲಿ ನಿದ್ದೆ ಹಾರಿಹೋಗಿತ್ತು.

"ಮಂಚದ ಎದುರಿಗೆ ಕನ್ನಡಿ ಇಡಬಾರದು ಕಣೇ, ಫೆಂಗ್‌ಶುಯಿ ಅನ್ನೋ ಚೀನೀ ವಾಸ್ತು ಪ್ರಕಾರ ಗಂಡ ಹೆಂಡಿರ ಮಧ್ಯೆ ಮೂರನೆಯವರು ಬರ್ತಾರಂತೆ" ಅಂದಳು ಗೆಳತಿ. ಬಂದಿದ್ದು ನಿಜ, ನಾನೇ!

ಇಂಥದ್ದರಲ್ಲಿ ನನಗೆ ನಂಬಿಕೆ ಕಡಿಮೆ. ಆದರೂ ಸುಮ್ನೆ ಓದುತ್ತಾ ಹೋದೆ. ಫೆಂಗ್ ಅಂದರೆ ಗಾಳಿ, ಶುಯಿ ಅಂದರೆ ನೀರು. 'ಚಿ' ಅನ್ನುವ ಪ್ರಾಣಶಕ್ತಿ ಗಾಳಿಗೆ ಚದುರುತ್ತದೆ, ನೀರಿನ ಬಳಿ ನಿಲ್ಲುತ್ತದೆ ಅನ್ನುವುದು ಇದರ ಬುಡ. ತಮಾಷೆ ಅಂದರೆ, ಚೀನಾದಲ್ಲಿ ಗುವೋ ಪು ಎಂಬ ವಿದ್ವಾಂಸನ (276–324) ಹೆಸರಿನಲ್ಲಿರುವ ಹಳೆಯ ಗ್ರಂಥ ಈ ಮಾತು ಹೇಳುವುದು ಸಮಾಧಿಗೆ ಜಾಗ ಹುಡುಕುವ ಬಗ್ಗೆ. ಮಲಗುವ ಕೋಣೆಯ ಬಗ್ಗೆ ಅಲ್ಲ.

ಮಂಚದ ವಿಷಯದಲ್ಲಿ ಫೆಂಗ್‌ಶುಯಿಯ ಮುಖ್ಯ ನಿಯಮ ಇಷ್ಟು: ತಲೆಯ ಹಿಂದೆ ಗಟ್ಟಿ ಗೋಡೆ ಇರಬೇಕು. ಮಲಗಿದಲ್ಲಿಂದಲೇ ಬಾಗಿಲು ಕಾಣಬೇಕು, ಆದರೆ ಕಾಲು ನೇರ ಬಾಗಿಲಿಗೆ ಚಾಚಿರಬಾರದು. ಹೆಣವನ್ನು ಕಾಲು ಮುಂದಾಗಿ ಹೊರಗೆ ಒಯ್ಯುತ್ತಾರಲ್ಲ, ಅದಕ್ಕೆ. ಕಾರಣ ಬಿಡಿ, ನಿಯಮ ನನಗೆ ಹಿಡಿಸಿತು. ಬಾಗಿಲಿಗೆ ಬೆನ್ನು ಹಾಕಿ ಕೂತಾಗ ಹಿಂದೆ ಯಾರಾದರೂ ಬಂದರೆ ಬೆಚ್ಚಿಬೀಳುತ್ತೇವೆ, ಅಲ್ವಾ? ನಿದ್ದೆಯಲ್ಲಂತೂ ಇನ್ನೂ ಜಾಸ್ತಿ. ತೊಲೆಯ ಕೆಳಗೆ ಮಲಗಬೇಡಿ ಅನ್ನುವುದೂ ಹಾಗೇ. ಎದೆಯ ಮೇಲೆ ಅಷ್ಟು ಭಾರ ತೂಗುತ್ತಿದ್ದರೆ ಯಾರಿಗೆ ನೆಮ್ಮದಿ?

ಮಂಚದ ಕೆಳಗೆ ಏನೂ ತುಂಬಬಾರದಂತೆ. ಬಗ್ಗಿ ನೋಡಿದೆ. ಚಕ್ರ ಮುರಿದ ಸೂಟ್‌ಕೇಸ್, ಒಂಟಿ ಚಪ್ಪಲಿ, ಬೆರಳಿಗೆ ಸುತ್ತಿಕೊಳ್ಳುವಷ್ಟು ಧೂಳು. ಚಿ ಇರಲಿ, ಪೊರಕೆಯೂ ಅಲ್ಲಿಗೆ ಹೋಗುತ್ತಿರಲಿಲ್ಲ.

ನನಗೆ ಒಪ್ಪಿಗೆಯಾಗದ್ದು 'ಕುವಾ' ಸಂಖ್ಯೆ, ಅಂದರೆ ಯಾರು ಯಾವ ದಿಕ್ಕಿಗೆ ತಲೆಯಿಟ್ಟು ಮಲಗಬೇಕು ಅಂತ ಹೇಳುವ ಲೆಕ್ಕ. ಹುಟ್ಟಿದ ವರ್ಷದ ಕೊನೆಯ ಎರಡು ಅಂಕಿ ಕೂಡಿಸಿ ಒಂದಂಕಿಗೆ ಇಳಿಸಬೇಕು. 2000ಕ್ಕೆ ಮೊದಲು ಹುಟ್ಟಿದ ಗಂಡಸಾದರೆ ಅದನ್ನು 10ರಿಂದ ಕಳೆಯಬೇಕು, ಹೆಂಗಸಾದರೆ 5 ಸೇರಿಸಿ ಮತ್ತೆ ಒಂದಂಕಿಗೆ ಇಳಿಸಬೇಕು. ನಮ್ಮವರು 1984, ಅವರದು 7. ನಾನು 1986, ನನ್ನದು 1. ಅವರ ತಲೆಗೆ ಪಶ್ಚಿಮ, ವಾಯವ್ಯ, ನೈರುತ್ಯ, ಈಶಾನ್ಯ ಒಳ್ಳೆಯದಂತೆ. ನನಗೆ ಉಳಿದ ನಾಲ್ಕು. ಒಂದು ದಿಕ್ಕಾದರೂ ಹೊಂದಬೇಕಲ್ಲ? ಇಲ್ಲ! ಲೆಕ್ಕ ಕೇಳಿದರೆ ಒಬ್ಬರ ಮೂಗಿನ ಹತ್ತಿರ ಇನ್ನೊಬ್ಬರ ಕಾಲು. ಒಂದೇ ವರ್ಷ ಹುಟ್ಟಿದ ಗಂಡಸರೆಲ್ಲ ಒಂದೇ ಕಡೆ ತಲೆಯಿಟ್ಟು ಉದ್ಧಾರ ಆಗ್ತಾರೆ ಅನ್ನುವುದನ್ನು ನಾನಂತೂ ನಂಬಲಾರೆ.

ಕೊನೆಗೆ ದಿಕ್ಕು ಬಿಟ್ಟು ಗೋಡೆ ನೋಡಿ ಮಂಚ ಸರಿಸಿದೆವು. ಈಗ ಬಾಗಿಲು ಓರೆಯಾಗಿ ಕಾಣುತ್ತದೆ. ಬೀರು ಮಾತ್ರ ಇಬ್ಬರಿಂದಲೂ ಅಲುಗಲಿಲ್ಲ. ಕನ್ನಡಿಗೆ ರಾತ್ರಿ ಹಳೇ ದುಪಟ್ಟಾ ಹೊದಿಸುತ್ತೇನೆ. ಬೆಳಿಗ್ಗೆ ತಲೆ ಬಾಚುವಾಗ ಇವರು ಅದನ್ನು ಎಳೆದು ಮಂಚದ ಮೇಲೆ ಎಸೆದು ಹೋಗುತ್ತಾರೆ.